ಬಿಲ್ಲಿನ ವೇಗ ಹೆಚ್ಚಿರಬೇಕೋ, ಬಾಣದ ತೂಕ ಹೆಚ್ಚಿರಬೇಕೋ? ಹೊಸದಾಗಿ ಕಲಿಯುತ್ತಿರುವ ತಮ್ಮನ ಪರವಾಗಿ ಒಂದು ಪ್ರಶ್ನೆ

ಪ್ರಶ್ನೆ: ಕೆಲಗೇರಿ ದಂಡೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ರಿಕರ್ವ್ ಬಿಲ್ಲಿನಿಂದ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಅಮೆರಿಕದ ಕೊಲೊರಾಡೊದಲ್ಲಿ ನೆಲೆಸಿರುವ ನನ್ನ ತಮ್ಮ ಅಲ್ಲಿನ ಕಾನೂನಿನಂತೆ ಪರವಾನಗಿ ಪಡೆದು, ಮುಂದಿನ ಹಂಗಾಮಿನಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಗೆ ಹೋಗಬೇಕೆಂದಿದ್ದಾನೆ. ಅವನು ಕೊಂಡಿರುವುದು ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ರಾಟೆಗಳಿರುವ ಬಿಲ್ಲು. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 340 ಅಡಿ ವೇಗ ಎಂದು ಬರೆದಿದೆ. ಅವನ ಸೆಳೆತದ ತೂಕ (ಹೆದೆಯನ್ನು ಸೆಳೆಯಲು ಬೇಕಾದ ಬಲ) 50 ಪೌಂಡ್, ಸೆಳೆತದ ಉದ್ದ (ಪೂರ್ತಿ ಸೆಳೆದಾಗ ಬಿಲ್ಲಿನಿಂದ ಹೆದೆಗಿರುವ ದೂರ) 28 ಅಂಗುಲ. ಅಂಗಡಿಯವರು 350 ಗ್ರೇನ್ (ಬಾಣ ತೂಗಲು ಬಳಸುವ ಸಣ್ಣ ಅಳತೆ) ತೂಗುವ ಬಾಣ ಮತ್ತು 425 ಗ್ರೇನ್ ತೂಗುವ ಬಾಣ ಎರಡನ್ನೂ ತೋರಿಸಿದ್ದಾರೆ. ಹಗುರವಾದದ್ದು ವೇಗವಾಗಿ ಹೋಗುತ್ತದೆ, ಆದ್ದರಿಂದ ಅದೇ ಲೇಸು ಎಂಬುದು ತಮ್ಮನ ಎಣಿಕೆ.

ಗುರಿಹಲಗೆಗೆ ಬಾಣ ಬಿಡುವುದಷ್ಟೇ ಗೊತ್ತಿರುವ ನನಗೆ ಇದರಲ್ಲಿ ಸಲಹೆ ಕೊಡಲು ಧೈರ್ಯ ಸಾಲುತ್ತಿಲ್ಲ. ನಮ್ಮ ಅವ್ವನಿಗೆ ಬೇಟೆಯ ವಿಚಾರವೇ ಇಷ್ಟವಿಲ್ಲ. ಅವನು ಹೋಗಿಯೇ ತೀರುವುದಾದರೆ ಪ್ರಾಣಿ ನರಳಿ ನರಳಿ ಸಾಯುವಂತೆ ಆಗಬಾರದು ಎಂದು ಆಕೆ ನನ್ನ ಮುಂದೆ ಎರಡು ಸಲ ಹೇಳಿದ್ದಾಳೆ. ಆದ್ದರಿಂದ ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ಭೌತವಿಜ್ಞಾನದ ಮೇಷ್ಟ್ರು, ಹಾವೇರಿ

ಮೊದಲು ಆ 340ರ ಲೆಕ್ಕವನ್ನು ಬಿಡಿಸಿ ನೋಡೋಣ. ತಯಾರಕರು ಪೆಟ್ಟಿಗೆಯ ಮೇಲೆ ಮುದ್ರಿಸುವ ವೇಗವನ್ನು ಸಾಮಾನ್ಯವಾಗಿ 70 ಪೌಂಡ್ ಸೆಳೆತದ ತೂಕ, 30 ಅಂಗುಲ ಸೆಳೆತದ ಉದ್ದ ಮತ್ತು 350 ಗ್ರೇನ್ ಬಾಣ ಇಟ್ಟುಕೊಂಡು ಅಳೆದಿರುತ್ತಾರೆ. ಸೆಳೆತದ ಉದ್ದ ಒಂದು ಅಂಗುಲ ಕಡಿಮೆಯಾದರೆ ಸುಮಾರು 10 ಅಡಿ ವೇಗ ಇಳಿಯುತ್ತದೆ. ಸೆಳೆತದ ತೂಕ 10 ಪೌಂಡ್ ಇಳಿದರೆ 15ರಿಂದ 20 ಅಡಿ ಹೋಗುತ್ತದೆ. ಬಾಣಕ್ಕೆ ಮೂರು ಗ್ರೇನ್ ಸೇರಿದಂತೆಲ್ಲ ಹತ್ತಿರ ಹತ್ತಿರ ಒಂದು ಅಡಿ ಕಡಿಮೆಯಾಗುತ್ತದೆ. ಹೆದೆಗೆ ಕಟ್ಟುವ ಪೀಪ್ (ಕಣ್ಣಿಟ್ಟು ಗುರಿ ನೋಡುವ ಪುಟ್ಟ ಬಳೆ) ಮತ್ತು ಲೂಪ್‌ಗಳೂ (ಹಿಡಿದು ಸೆಳೆಯುವ ದಾರದ ಕುಣಿಕೆ) ಸ್ವಲ್ಪ ವೇಗವನ್ನು ತಿನ್ನುತ್ತವೆ. ಇವನ್ನೆಲ್ಲ ಕಳೆದರೆ ನಿಮ್ಮ ತಮ್ಮನವರ ಕೈಯಲ್ಲಿ ಅದೇ ಬಿಲ್ಲು 350 ಗ್ರೇನ್ ಬಾಣವನ್ನು ಸುಮಾರು 275 ಅಡಿ ವೇಗದಲ್ಲಿಯೂ 425 ಗ್ರೇನ್ ಬಾಣವನ್ನು ಸುಮಾರು 250 ಅಡಿ ವೇಗದಲ್ಲಿಯೂ ಕಳಿಸುತ್ತದೆ ಎಂದು ಅಂದಾಜಿಸಬಹುದು. 340 ಎಂಬುದು ಅವರ ಪಾಲಿಗೆ ಇಲ್ಲವೇ ಇಲ್ಲ.

ಇನ್ನು ಚಲನಶಕ್ತಿ. ಬಾಣದ ತೂಕವನ್ನು ಗ್ರೇನ್‌ನಲ್ಲಿ ಬರೆದು, ವೇಗದ ವರ್ಗದಿಂದ ಗುಣಿಸಿ, 450240ರಿಂದ ಭಾಗಿಸಿದರೆ ಅಡಿ-ಪೌಂಡ್‌ನಲ್ಲಿ ಶಕ್ತಿ ಸಿಗುತ್ತದೆ. ಹಗುರ ಬಾಣಕ್ಕೆ 58.8 ಬರುತ್ತದೆ, ಭಾರದ ಬಾಣಕ್ಕೆ 59. ಎಂದರೆ ಎರಡರಲ್ಲಿಯೂ ಹೆಚ್ಚುಕಡಿಮೆ 80 ಜೂಲ್. ಬಿಲ್ಲು ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನಷ್ಟೇ ಕೊಡಬಲ್ಲದು, ಬಾಣ ಬದಲಾದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. ಆದರೆ ಸಂವೇಗವನ್ನು, ಅಂದರೆ ತೂಕ ಮತ್ತು ವೇಗಗಳ ಗುಣಲಬ್ಧವನ್ನು, ನೋಡಿದರೆ ಭಾರದ ಬಾಣ ಶೇಕಡಾ 10ರಷ್ಟು ಮುಂದಿದೆ. ಚರ್ಮ, ಸ್ನಾಯು, ಪಕ್ಕೆಲುಬು ತಡೆದಾಗ ಬಾಣ ಒಳಕ್ಕೆ ಸಾಗುವುದು ಈ ಸಂವೇಗದ ಬಲದಿಂದ. ಬಾಣ ತಯಾರಿಸುವ ಈಸ್ಟನ್ ಕಂಪನಿಯ ಪಟ್ಟಿಯ ಪ್ರಕಾರ ಜಿಂಕೆಯ ಗಾತ್ರದ ಪ್ರಾಣಿಗೆ 25ರಿಂದ 41 ಅಡಿ-ಪೌಂಡ್ ಸಾಕು; ಹಾಗಾಗಿ ಶಕ್ತಿಯ ಕೊರತೆ ಅವರಿಗಿಲ್ಲ.

ವೇಗದಿಂದ ಲಾಭವೇ ಇಲ್ಲವೇ ಎಂದರೆ, ಇದೆ. ದೂರದ ಅಂದಾಜು ತಪ್ಪಿದಾಗ ವೇಗದ ಬಾಣ ಆ ತಪ್ಪನ್ನು ಸ್ವಲ್ಪ ಮನ್ನಿಸುತ್ತದೆ. ಎಷ್ಟು ಮನ್ನಿಸುತ್ತದೆ ಎಂಬುದನ್ನು ಮಾತಿನಲ್ಲಿ ಬಿಡದೆ ಲೆಕ್ಕ ಹಾಕಿ ನೋಡಿದೆ. ಪ್ರಾಣಿ 30 ಗಜದಲ್ಲಿದೆ ಎಂದು ತಿಳಿದು ಬಾಣ ಬಿಟ್ಟಿರಿ, ನಿಜವಾಗಿ ಅದು 33 ಗಜದಲ್ಲಿತ್ತು ಎನ್ನಿ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಹಗುರ ಬಾಣ ಗುರಿಗಿಂತ ಸುಮಾರು 2.3 ಅಂಗುಲ ಕೆಳಗೆ ಬೀಳುತ್ತದೆ, ಭಾರದ್ದು 2.8 ಅಂಗುಲ ಕೆಳಗೆ. ಅರ್ಧ ಅಂಗುಲದ ಈ ಲಾಭಕ್ಕಾಗಿ ಸಂವೇಗವನ್ನು ಬಿಟ್ಟುಕೊಡುವುದು ನನಗಂತೂ ಸರಿಯೆನಿಸುವುದಿಲ್ಲ. ದೂರ ಅಳೆಯುವ ಉಪಕರಣ ಕೈಯಲ್ಲಿದ್ದರೆ ಆ ಅರ್ಧ ಅಂಗುಲವೂ ಉಳಿಯುವುದಿಲ್ಲ.

ಸದ್ದಿನ ವಿಷಯವನ್ನೂ ಹೇಳಬೇಕು. 20 ಗಜ ದೂರವನ್ನು ಕ್ರಮಿಸಲು ಹಗುರ ಬಾಣಕ್ಕೆ 0.22 ಸೆಕೆಂಡು, ಭಾರದ್ದಕ್ಕೆ 0.24 ಸೆಕೆಂಡು ಬೇಕು. ಹೆದೆಯ ಸದ್ದು ಮಾತ್ರ 0.05 ಸೆಕೆಂಡಿನಲ್ಲಿಯೇ ಜಿಂಕೆಯ ಕಿವಿ ಮುಟ್ಟಿರುತ್ತದೆ. ಯಾವ ಬಾಣವೂ ಸದ್ದನ್ನು ಹಿಂದಿಕ್ಕಲಾರದು ಎಂದ ಮೇಲೆ ಸದ್ದನ್ನು ಕಡಿಮೆ ಮಾಡುವುದೇ ಜಾಣತನ. ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಹೆಚ್ಚು ಹೀರಿಕೊಳ್ಳುವುದರಿಂದ ಬಿಲ್ಲಿನ ನಡುಕವೂ ಸದ್ದೂ ತಗ್ಗುತ್ತವೆ.

ಉತ್ತರ 2: ಬೆಟಗೇರಿ ಅಭ್ಯಾಸಿ, ಗದಗ

ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಭಾರ ಒಳ್ಳೆಯದು ಎಂದ ಕೂಡಲೇ ಕೆಲವರು 650 ಗ್ರೇನ್ ಬಾಣ ಕಟ್ಟಿಕೊಳ್ಳುವುದನ್ನು ಕಂಡಿದ್ದೇನೆ. ಆ ತೂಕದ ಮಾತು ದಪ್ಪ ಎಲುಬಿನ ದೊಡ್ಡ ಪ್ರಾಣಿಗಳ ಸಂದರ್ಭದಲ್ಲಿ ಬಂದದ್ದು. 50 ಪೌಂಡ್ ಬಿಲ್ಲಿನಲ್ಲಿ ಅದನ್ನು ಹೂಡಿದರೆ ವೇಗ ಸುಮಾರು 205 ಅಡಿಗೆ ಇಳಿದು, ದೂರದ ಅಂದಾಜು ಇನ್ನೂ ಪಳಗದ ಹೊಸಬನಿಗೆ ಬಾಣ ಎಲ್ಲಿ ಬೀಳುತ್ತದೆ ಎಂಬುದೇ ತಿಳಿಯದಂತಾಗುತ್ತದೆ. ಸೆಳೆತದ ಪ್ರತಿ ಪೌಂಡಿಗೆ 8ರಿಂದ 9 ಗ್ರೇನ್ ಎಂಬ ಅಳತೆ ಹೊಸಬರಿಗೆ ಹಿತವಾದದ್ದು, ಮತ್ತು 425 ಗ್ರೇನ್ ಅದರೊಳಗೇ ಬರುತ್ತದೆ. ಇನ್ನೊಂದು ಕಡೆ, ಪೌಂಡಿಗೆ 5 ಗ್ರೇನ್‌ಗಿಂತ ಕೆಳಗೆ ಎಂದೂ ಇಳಿಯಬಾರದು. ಅಷ್ಟು ಹಗುರ ಬಾಣ ಬಿಟ್ಟರೆ ಬಾಣವಿಲ್ಲದೆ ಹೆದೆ ಬಿಟ್ಟಂತೆಯೇ ಆಗಿ, ಬಿಲ್ಲಿನ ತೋಳು ಸೀಳಬಹುದು.

ತೂಕದ ಜೊತೆಗೆ ಸ್ಪೈನ್ ಅನ್ನೂ ನೋಡಬೇಕು, ಇದನ್ನು ಮರೆಯುವವರೇ ಹೆಚ್ಚು. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಬಾಣದ ಕೋಲನ್ನಿಟ್ಟು ನಡುವೆ 1.94 ಪೌಂಡ್ ತೂಕ ತೂಗುಹಾಕಿದಾಗ ಅದು ಎಷ್ಟು ಬಾಗುತ್ತದೆ ಎಂಬುದೇ ಸ್ಪೈನ್. 400 ಎಂದು ಬರೆದಿದ್ದರೆ 0.4 ಅಂಗುಲ ಬಾಗುತ್ತದೆ ಎಂದರ್ಥ. ತೂಕ ಹೆಚ್ಚಿಸಲೆಂದು ಮೊನೆಯನ್ನು ಮಾತ್ರ ಭಾರ ಮಾಡುತ್ತ ಹೋದರೆ, ಬಿಟ್ಟ ಕ್ಷಣದಲ್ಲಿ ಕೋಲು ಇನ್ನಷ್ಟು ಬಾಗಿ, ಬಾಣ ಹಾವಿನಂತೆ ಹೊಯ್ದಾಡುತ್ತ ಹೋಗುತ್ತದೆ. ಹಾಗೆ ಹೋದ ಬಾಣ ಓರೆಯಾಗಿ ತಾಗುತ್ತದೆ, ಆಗ ಲೆಕ್ಕದಲ್ಲಿ ಬಂದ ಸಂವೇಗ ಒಳಕ್ಕೆ ಸಾಗುವ ಕೆಲಸಕ್ಕೆ ಪೂರ್ತಿ ಒದಗುವುದಿಲ್ಲ. ತಯಾರಕರ ಸ್ಪೈನ್ ಪಟ್ಟಿಯಲ್ಲಿ ಸೆಳೆತದ ತೂಕ, ಬಾಣದ ಉದ್ದ, ಮೊನೆಯ ತೂಕ ಮೂರನ್ನೂ ಹೊಂದಿಸಿ ಕೋಲನ್ನು ಆರಿಸಿಕೊಳ್ಳಲಿ.

ನಿಮ್ಮ ತಮ್ಮನಿಗೆ 50 ಪೌಂಡ್ ನಿಜವಾಗಿಯೂ ಒಗ್ಗಿದೆಯೇ ಎಂಬುದನ್ನೂ ಕೇಳಿ. ಕುರ್ಚಿಯ ಮೇಲೆ ಕುಳಿತು, ಬಿಲ್ಲನ್ನು ಆಕಾಶದತ್ತ ಎತ್ತದೆ, ನೇರವಾಗಿ ಮುಂದೆ ಹಿಡಿದು ನಿಧಾನವಾಗಿ ಸೆಳೆಯಲು ಬರಬೇಕು. ಬಾರದಿದ್ದರೆ 45ಕ್ಕೆ ಇಳಿಸಲಿ, ಅದರಲ್ಲಿ ಸಂಕೋಚ ಬೇಡ. ಕೊಲೊರಾಡೊದ ನಿಯಮ ಕೇಳುವುದು ಕನಿಷ್ಠ 35 ಪೌಂಡ್ ಮಾತ್ರ.

ಉತ್ತರ 3: ಪತ್ತಾರ ಓಣಿ, ಹಳೇ ಹುಬ್ಬಳ್ಳಿ

ಬಾಣಗಳನ್ನು ಒಂದೊಂದಾಗಿ ತೂಗಿ ನೋಡಲು ಹೇಳಿರಿ. ಒಂದು ಗ್ರೇನ್ ಎಂದರೆ 0.0648 ಗ್ರಾಂ, ನಾವು ಚಿನ್ನ ತೂಗುವ ಗುಲಗಂಜಿಯಲ್ಲಿ ಹೇಳುವುದಾದರೆ ಒಂದು ಗುಂಜಿಗೆ ಸುಮಾರು ಎರಡು ಗ್ರೇನ್. ಹಾಗಾಗಿ ಪತ್ತಾರರ ಎಲೆಕ್ಟ್ರಾನಿಕ್ ತಕ್ಕಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ನನ್ನ ಮಗನ ಗುರಿ ಅಭ್ಯಾಸದ ಹನ್ನೆರಡು ಬಾಣಗಳನ್ನು ಅಂಗಡಿಯಲ್ಲಿಯೇ ತೂಗಿದಾಗ, ಒಂದೇ ಡಬ್ಬಿಯಿಂದ ಬಂದವುಗಳ ನಡುವೆ ಒಂಬತ್ತು ಗ್ರೇನ್ ವ್ಯತ್ಯಾಸ ಕಂಡಿತು. ಮೇಲೆ ಕೆಳಗೆ ಬೀಳುತ್ತಿದ್ದ ಎರಡು ಬಾಣಗಳ ಕಾರಣ ಅಂದು ತಿಳಿಯಿತು. ಬೇಟೆಗೆ ಒಯ್ಯುವ ಬಾಣಗಳು ಒಂದಕ್ಕೊಂದು ಎರಡು ಮೂರು ಗ್ರೇನ್‌ಗಳ ಒಳಗಿರಲಿ.

ಅಭ್ಯಾಸದ ಮೊನೆಯೂ ಬ್ರಾಡ್‌ಹೆಡ್ಡೂ (ಬೇಟೆಗೆ ಬಳಸುವ ಅಲಗಿನ ಮೊನೆ) ಒಂದೇ ತೂಕದವಾದರೂ ಒಂದೇ ಜಾಗಕ್ಕೆ ಬೀಳುತ್ತವೆ ಎಂದು ನಂಬಬಾರದು. ಹೋಗುವ ಮೊದಲು ಬ್ರಾಡ್‌ಹೆಡ್ ಹಾಕಿಯೇ ಬಾಣ ಬಿಟ್ಟು ಸರಿಪಡಿಸಿಕೊಳ್ಳಲಿ, ಆಮೇಲೆ ಅಲಗನ್ನು ಮತ್ತೆ ಹರಿತ ಮಾಡಲಿ ಅಥವಾ ಬದಲಿಸಲಿ. ನಿಮ್ಮ ಅವ್ವನವರು ಹೇಳಿದ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿಯದು.

ಉತ್ತರ 4: ಕೃಷ್ಣಮೃಗದ ನೆರೆಯವನು, ರಾಣೇಬೆನ್ನೂರು

ಓದುವ ಹುಡುಗರ ಗಮನಕ್ಕಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಹೇಳಿರುವುದೆಲ್ಲ ಪರವಾನಗಿ ಕೊಡುವ ದೇಶದ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ನಮ್ಮೂರಿನ ಅಭಯಾರಣ್ಯದ ಕೃಷ್ಣಮೃಗಗಳು ಹೊಲಗಳಿಗೂ ಬರುತ್ತವೆ, ಬೆಳೆ ತಿನ್ನುತ್ತವೆ. ಆದರೂ ಬಿಲ್ಲು ಹಿಡಿದು ಅವುಗಳತ್ತ ತಿರುಗುವ ಹಕ್ಕು ಯಾರಿಗೂ ಇಲ್ಲ. ಇಲ್ಲಿರುವವರಿಗೆ ಈ ಲೆಕ್ಕವೆಲ್ಲ ಗುರಿಹಲಗೆಗೆ ಮಾತ್ರ.

ಪ್ರಶ್ನೆ ಕೇಳಿದವರು: ಕೆಲಗೇರಿ ದಂಡೆ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ತಮ್ಮ ಕುರ್ಚಿಯ ಪರೀಕ್ಷೆ ಮಾಡಿ ನೋಡಿದ. 50 ಪೌಂಡ್ ಸೆಳೆಯಲು ಬಿಲ್ಲನ್ನು ಎತ್ತಬೇಕಾಗುತ್ತಿದೆ ಎಂದು ಒಪ್ಪಿಕೊಂಡು 46ಕ್ಕೆ ಇಳಿಸಿದ್ದಾನೆ. ಅಂಗಡಿಯ ವೇಗಮಾಪಕದಲ್ಲಿ 425 ಗ್ರೇನ್ ಬಾಣ 238 ಅಡಿ ತೋರಿಸಿದೆ. ಮೇಷ್ಟ್ರ ಸೂತ್ರದಂತೆ ಶಕ್ತಿ ಸುಮಾರು 53 ಅಡಿ-ಪೌಂಡ್ ಬಂತು. ಈಗ ಅವನು ದಿನವೂ 20 ಗಜದಿಂದ ಅಭ್ಯಾಸ ಮಾಡುತ್ತಿದ್ದಾನೆ, ಮತ್ತು 25 ಗಜದ ಆಚೆ ನಿಂತ ಪ್ರಾಣಿಯತ್ತ ಈ ವರ್ಷ ಬಾಣ ಬಿಡುವುದಿಲ್ಲ ಎಂದು ಅವ್ವನಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದಾನೆ.