88ರ ಬದಲು 76 ಡಿಗ್ರಿ ಥರ್ಮೋಸ್ಟ್ಯಾಟ್ ಹಾಕಿಸಿದೋರು ಇದ್ದೀರಾ? ಅನುಭವ ಹೇಳಿ

ಶಿರಾಡಿ ಪಯಣಿಗ
ನಂದು 2018ರ 1.2 ಟರ್ಬೊ ಪೆಟ್ರೋಲ್, 61,000 ಕಿ.ಮೀ. ತಿಂಗಳಿಗೆ ಎರಡು ಸಲ ಬೆಂಗಳೂರು–ಮಂಗಳೂರು. ಶಿರಾಡಿ ಘಾಟಿ ಹತ್ತುವಾಗ ಪಿಕಪ್ ಬಿದ್ದುಹೋಗುತ್ತೆ. ಇರೋದು 88 ಡಿಗ್ರಿಗೆ ತೆರೆಯೋ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದ್ಮೇಲೆ ಕೂಲಂಟ್ ನೀರನ್ನ ರೇಡಿಯೇಟರಿಗೆ ಬಿಡೋ ವಾಲ್ವ್). ಪರಿಚಯದ ಟ್ಯೂನರ್ ಒಬ್ರು 76ರದ್ದು ಹಾಕ್ಸಿ, ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಇಂಜಿನ್ ಬಡ್ಕೊಳ್ಳೋದು) ಕಡಿಮೆಯಾಗಿ ಪವರ್ ಬರುತ್ತೆ ಅಂತಾರೆ. ಹಾಕ್ಸಿದೋರು ಹೇಳಿ.

ಮೈಸೂರು ಟರ್ಬೊ
ಹಾಕ್ಸಿದ್ದೆ. ಎಂಟು ತಿಂಗಳು ಅನುಭವಿಸಿ ತೆಗೆಸಿದೆ. ಲೆಕ್ಕ ಪೂರ್ತಿ ಕೊಡ್ತೀನಿ. ಥರ್ಮೋಸ್ಟ್ಯಾಟ್ 2,350, ಓ-ರಿಂಗ್ 90, ಕೂಲಂಟ್ 1,050, ಕೂಲಿ 700. ಒಟ್ಟು 4,190.

ಮೊದಲ ವಾರ ಗಾಡಿ ಹಗುರಾಗಿದೆ ಅನ್ನಿಸ್ತು. ಅದು ಮನಸ್ಸಿನ ಆಸೆ ಅಷ್ಟೇ, ಈಗ ಗೊತ್ತಾಗುತ್ತೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆಫೀಸಿಗೆ ಆರು ಕಿ.ಮೀ. ಹೋಗೋಷ್ಟರಲ್ಲಿ ಟೆಂಪರೇಚರ್ ಮುಳ್ಳು ಮಧ್ಯಕ್ಕೇ ಬರ್ತಿರಲಿಲ್ಲ. ಇಂಜಿನ್ ಬಿಸಿಯಾಗಿಲ್ಲ ಅಂತ ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಸುರೀತಾನೇ ಇತ್ತು. ಮೈಲೇಜ್ 16.4ರಿಂದ 13.9ಕ್ಕೆ ಇಳೀತು. ಮೂರನೇ ತಿಂಗಳು ಚೆಕ್ ಇಂಜಿನ್ ಲೈಟ್, ಪಿ0128 ಕೋಡ್. ಥರ್ಮೋಸ್ಟ್ಯಾಟ್ ತೆರೆದೇ ಸಿಕ್ಕಿಕೊಂಡಿದೆ ಅಂತ ಇಸಿಯು ಅಂದುಕೊಳ್ಳುತ್ತೆ. ಅಳಿಸಿದ್ರೆ ಹತ್ತು ದಿನಕ್ಕೆ ಮತ್ತೆ.

ಹೊಟ್ಟೆ ಉರಿಸಿದ್ದು ಇಂಜಿನ್ ಆಯಿಲ್. ಒಂದು ಭಾನುವಾರ ಡಿಪ್‌ಸ್ಟಿಕ್ ಎಳೆದೆ, ಮಟ್ಟ ಮೇಲಿನ ಗೆರೆ ದಾಟಿತ್ತು. ಬೆರಳಿಗೆ ಹಚ್ಚಿ ಮೂಸಿದೆ, ಪೆಟ್ರೋಲ್ ಬಂಕಿನ ವಾಸನೆ. ಸುಡದ ಪೆಟ್ರೋಲ್ ಪಿಸ್ಟನ್ ರಿಂಗ್ ಪಕ್ಕದಿಂದ ಇಳಿದು ಆಯಿಲ್ ಸೇರಿತ್ತು. ಟರ್ಬೊ ಬೇರಿಂಗ್ ಅದೇ ಆಯಿಲ್ ಮೇಲೆ ತಿರುಗೋದು! ವಾಪಸ್ 88 ಹಾಕ್ಸೋಕೆ 1,480, ಆಯಿಲ್ ಮತ್ತು ಫಿಲ್ಟರ್ 3,300, ಮತ್ತೆ ಕೂಲಂಟ್ 1,050, ಕೂಲಿ 700. ಎರಡೂ ಸೇರಿ 10,720 ರೂಪಾಯಿ.

ಡೈನೋ ದಾಸ
ಮೈಸೂರಿನವರೇ, ಅರ್ಧ ಕೆಲಸ ಮಾಡಿಸಿ ಪೂರ್ತಿ ಪಾರ್ಟನ್ನೇ ಬೈಬೇಡಿ. ನನ್ನ ಗಾಡಿಯಲ್ಲಿ 76 ಡಿಗ್ರಿದು ನಾಲ್ಕನೇ ವರ್ಷ. ಆದರೆ ಮೊದಲು ರೀಮ್ಯಾಪ್ (ಇಸಿಯು ಪ್ರೋಗ್ರಾಂ ಬದಲಾವಣೆ) ಮಾಡಿಸಿದೆ, ವಾರ್ಮ್‌ಅಪ್ ಟೇಬಲ್ (ಇಂಜಿನ್ ಬಿಸಿಯಾಗೋವರೆಗಿನ ಲೆಕ್ಕ) ತಿದ್ದಿಸಿದೆ, ರೇಡಿಯೇಟರ್ ಫ್ಯಾನ್ 85 ಡಿಗ್ರಿಗೇ ಓಡೋ ಹಾಗೆ ಮಾಡಿಸಿದೆ. ಎಲ್ಲಾ ಸೇರಿ 38,000 ಕೊಟ್ಟಿದ್ದೀನಿ, ಒಂದು ರೂಪಾಯಿಗೂ ಬೇಜಾರಿಲ್ಲ.

ಹಳೇ ಥರ್ಮೋಸ್ಟ್ಯಾಟ್‌ನಲ್ಲಿ ಡೈನೋ (ಪವರ್ ಅಳೆಯೋ ಯಂತ್ರ) ಮೇಲೆ ಮೊದಲ ಓಟ 128 ಬಿಎಚ್‌ಪಿ, ಮೂರನೇದು 119. ಬಿಸಿಯಾಗ್ತಾ ನಾಕ್ ಸೆನ್ಸರ್ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೀತಿತ್ತು. ಹೊಸದರಲ್ಲಿ ಮೂರನೇ ಓಟ 125. ರೀಮ್ಯಾಪ್ ಇಲ್ಲದೆ ಬರೀ ಥರ್ಮೋಸ್ಟ್ಯಾಟ್ ಬದಲಿಸಿದ್ರೆ ಏನೂ ಬರಲ್ಲ, ಒಪ್ತೀನಿ. ಅದನ್ನ ನಿಮ್ಮ ಟ್ಯೂನರ್ ಹೇಳ್ಬೇಕಿತ್ತು.

ಮೈಸೂರು ಟರ್ಬೊ
38 ಸಾವಿರ ಖರ್ಚಾಗುತ್ತೆ ಅಂತ ನಂಗೂ ಯಾರೂ ಹೇಳಿರಲಿಲ್ಲ. ನಾಲ್ಕು ಸಾವಿರದಲ್ಲಿ ಮುಗಿಯುತ್ತೆ ಅಂದಿದ್ರು. ಈಗ ನಾನು ಅರ್ಧ ಕೆಲಸದವನಾ?

ಹುಬ್ಬಳ್ಳಿ ಪಾನಾ
28 ವರ್ಷದಿಂದ ಪಾನಾ ಹಿಡದೇನ್ರಿ. 76 ಯಾಕ, 88 ಯಾಕ? ವಾಲ್ವ್ ತಗದ ಒಗೀರಿ. ಟ್ರ್ಯಾಕ್ಟರ್, ಹಳೇ ಡೀಸೆಲ್ ಜೀಪು, ಟೆಂಪೋ, ಎಷ್ಟರ ಗಾಡಿದು ತಗದೇನಿ. ಮೇ ತಿಂಗಳದಾಗ ಕಲಬುರ್ಗಿ ಕಡೆ ಲೋಡ್ ಹಾಕ್ಕೊಂಡು ಹೋಗೋ ಗಾಡಿಗೆ ವಾಲ್ವ್ ಯಾತಕ್ಕ ಬೇಕು? ಒಂದೂ ಗಾಡಿ ವಾಪಸ್ ಬಂದಿಲ್ರಿ.

ಕರಾವಳಿ ಗಾಡಿ
ಮಾರಾಯ್ರೇ, ವಾಲ್ವ್ ತೆಗೆದು ಬಿಸಾಡಿ ಅಂತ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಪ್ಪನ ಗಾಡಿಗೆ ಒಬ್ಬ ಮೆಕ್ಯಾನಿಕ್ ಹಾಗೇ ಮಾಡಿದ್ದು. ನಮಗೆ ಹೇಳಲೂ ಇಲ್ಲ. ಆ ಇಂಜಿನ್ನಿನಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಅದರ ಅಡಿಯ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚಬೇಕು. ವಾಲ್ವೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿಗೇ ವಾಪಸು. ಊರಿನ ಒಳಗೆ ಏನೂ ಗೊತ್ತಾಗಲಿಲ್ಲ. ಚಾರ್ಮಾಡಿ ಹತ್ತುವಾಗ, ಅಣ್ಣಪ್ಪ ಸ್ವಾಮಿ ಗುಡಿ ಇನ್ನೂ ಸ್ವಲ್ಪ ದೂರ ಇರುವಾಗ, ಬಾನೆಟ್ಟಿನಿಂದ ಹಬೆ. ಹಿಂದೆ ಅಮ್ಮ, ತಂಗಿಯ ಎರಡು ವರ್ಷದ ಮಗು. ಮಳೆ ಬೇರೆ.

ಹೆಡ್ ಗ್ಯಾಸ್ಕೆಟ್ ಸೆಟ್ 3,200, ಹೆಡ್ ಫೇಸಿಂಗ್ 1,800, ಇಂಜಿನ್ ವಾಲ್ವ್ ಗ್ರೈಂಡಿಂಗ್ 1,500, ಹೆಡ್ ಬೋಲ್ಟು 1,400, ವಾಟರ್ ಪಂಪ್ 2,650, ಕೂಲಂಟ್ 1,100, ಕೂಲಿ 9,000, ಗಾಡಿ ಎಳೆದು ತಂದದ್ದು 3,500. ಒಟ್ಟು 24,150. ಹದಿನೇಳು ದಿನ ಗಾಡಿ ಇಲ್ಲ. ಈ ವಿಷಯ ತೆಗೆದರೆ ಅಪ್ಪ ಇವತ್ತಿಗೂ ಊಟದಿಂದ ಎದ್ದು ಹೋಗುತ್ತಾರೆ.

ಹುಬ್ಬಳ್ಳಿ ಪಾನಾ
ಬೈಪಾಸ್ ಇದ್ದ ಇಂಜಿನ್ನಿಗೆ ಬೈಪಾಸ್ ಬಂದ್ ಮಾಡಬೇಕ್ರಿ. ಅದು ಮಾಡದಾಂವ ಮೆಕ್ಯಾನಿಕ್ಕೇ ಅಲ್ಲ. ಅವನ ತಪ್ಪು ನನ್ನ ತಲಿಗೆ ಕಟ್ಟಬ್ಯಾಡ್ರಿ. ಮತ್ತ ನೀವು ರೇಡಿಯೇಟರಿಗೆ ಬಾವಿ ನೀರು ಹಾಕಿರಬೇಕು. ಉಪ್ಪು ಕಟ್ಟಿ ಒಳಗಿನ ನಳಿ ಮುಚ್ಚಿರತಾವ.

ಕರಾವಳಿ ಗಾಡಿ
ನಮ್ಮ ಬಾವಿ ನೀರಿನ ಬಗ್ಗೆ ನಿಮಗೆ ಏನು ಗೊತ್ತುಂಟು? ಬಿಚ್ಚಿದಾಗ ರೇಡಿಯೇಟರಿನ ಒಳಗೆ ಕನ್ನಡಿಯ ಹಾಗೆ ಇತ್ತು. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ, ಅಪ್ಪ ಬೇರೆ ಏನೂ ಹಾಕಿದವರಲ್ಲ. ಬಿಲ್ಲೂ ಉಂಟು.

ಡೆಟ್ರಾಯಿಟ್ ಕನ್ನಡಿಗ
ಇಲ್ಲಿ ಈ ಗೀಳು ಬಹಳ ಹಳೇದು. ನನ್ನ ವಿ8 ಇಂಜಿನ್ ಗಾಡಿಗೆ ಬಂದಿದ್ದು 195 ಫ್ಯಾರನ್‌ಹೀಟ್, ಅಂದ್ರೆ 91 ಡಿಗ್ರಿ. 160ರದ್ದು, ಅಂದ್ರೆ 71 ಡಿಗ್ರಿದು ಹಾಕಿದೆ. ಬೇಸಿಗೆಯಲ್ಲಿ ಟ್ರ್ಯಾಕ್‌ಗೆ ಸೊಗಸು. ಜನವರಿಯಲ್ಲಿ ಹೊರಗೆ ಮೈನಸ್ 15 ಇದ್ದಾಗ ಹೀಟರಿನಿಂದ ಉಗುರುಬೆಚ್ಚಗಿನ ಗಾಳಿ, ಹೆಂಡತಿ ಮಕ್ಕಳು ಜಾಕೆಟ್ ಬಿಚ್ತಿರಲಿಲ್ಲ. ಆಯಿಲ್ ಮುಚ್ಚಳ ತೆಗೆದರೆ ಒಳಗಡೆ ಮಜ್ಜಿಗೆ ನೊರೆ ಥರ ಹಳದಿ. ತೇವ ಆವಿಯಾಗೋ ಅಷ್ಟು ಆಯಿಲ್ ಬಿಸಿಯಾಗ್ತಾನೇ ಇರಲಿಲ್ಲ. ಈಗ ಏಪ್ರಿಲ್‌ಗೆ 160, ಅಕ್ಟೋಬರ್‌ಗೆ 195. ನಾನೇ ಬದಲಾಯಿಸ್ತೀನಿ. ಒಂದು ಸಲ ಹೌಸಿಂಗ್ ಬೋಲ್ಟ್ ಬಿಗಿ ಮಾಡೋವಾಗ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ಕೊಂಡು ಬಂತು, ಎರಡು ದಿನ ಹೋಯ್ತು.

ಶಿರಾಡಿ ಪಯಣಿಗ
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ನಂದನ್ನೇ ಬಿಚ್ಚಿ ಪಾತ್ರೆಯಲ್ಲಿ ಕುದಿಸಿದೆ, ಅಡುಗೆಮನೆ ಥರ್ಮಾಮೀಟರ್ ಇಟ್ಟು. 88, 89ಕ್ಕೆ ಬಾಯಿ ಬಿಡ್ತು. ಆದರೆ ನೀರು ಕೊತಕೊತ ಕುದಿಯೋವಾಗಲೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೆರೆದು ನಿಂತುಬಿಡ್ತು. ಹಾಳಾಗಿದೆ ಅಲ್ವಾ?

ಡೈನೋ ದಾಸ
ಹಾಳಾಗಿಲ್ಲ, ಎಸೀಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ನೀರು 97ಕ್ಕೇ ಕುದಿಯುತ್ತೆ. 88ರದ್ದು ಪೂರ್ತಿ ತೆರೆಯೋಕೆ 100 ದಾಟಬೇಕು. ಗಾಡಿಯಲ್ಲಿ ರೇಡಿಯೇಟರ್ ಮುಚ್ಚಳದ ಒತ್ತಡ ಇರುತ್ತೆ, ಅಲ್ಲಿ ಅಷ್ಟು ಬಿಸಿಯಾದ್ರೂ ಕುದಿಯಲ್ಲ. ಪಾತ್ರೆಯಲ್ಲಿ ಇಷ್ಟೇ ನೋಡೋಕಾಗೋದು. ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸೋದು) ಪೈಪು ಬಿಟ್ಟಿದ್ಯಾ ನೋಡ್ಸಿ. ಘಾಟಿಯಲ್ಲಿ ಪಿಕಪ್ ಬೀಳೋಕೆ ಅದೇ ಸಾಕು.

ಹುಬ್ಬಳ್ಳಿ ಪಾನಾ
61,000 ಕಿ.ಮೀ. ಓಡಿದ ವಾಲ್ವ್ ವಾಪಸ್ ಕೂಡಸಬ್ಯಾಡ್ರಿ. ಒಮ್ಮೆ ಬಿಚ್ಚಿದ ಮ್ಯಾಲ ಹೊಸಾದ್ ಹಾಕೋದು, ಅದು 88ರದ ಇರಲಿ. ಕೂಡಸುವಾಗ ಗಾಳಿ ಹೋಗೋ ಸಣ್ಣ ತೂತು ಮ್ಯಾಲ ಬರಬೇಕು.

ಕರಾವಳಿ ಗಾಡಿ
ಆಗ ತೆಗೆದು ಒಗೆಯಿರಿ ಅಂದವರು ಈಗ ಹೊಸದು ಹಾಕಿ ಅಂತೀರಿ?

ಹುಬ್ಬಳ್ಳಿ ಪಾನಾ
ಅವ್ರದು ಟರ್ಬೊ ಪೆಟ್ರೋಲ್ ಐತ್ರಿ. ನಾ ಹೇಳಿದ್ದು ಟ್ರ್ಯಾಕ್ಟರ್, ಜೀಪಿಂದು. ಮೊದಲ ಓದ್ರಿ.