ಆರು–ಏಳನೇ ತರಗತಿಯ ಮಕ್ಕಳಿಗೆ ರೋಬಾಟಿಕ್ಸ್: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ — ವಿಜ್ಞಾನ ಶಿಕ್ಷಕಿ, ನಾಪೋಕ್ಲು ಸಮೀಪ

ನಮ್ಮ ಹಿರಿಯ ಪ್ರಾಥಮಿಕ ಶಾಲೆಗೆ ದಾನಿಯೊಬ್ಬರು ರೋಬಾಟಿಕ್ಸ್ ಕಿಟ್‌ಗಳನ್ನು ಕೊಟ್ಟಿದ್ದಾರೆ. ಮಕ್ಕಳು ಜೊತೆಗಿದ್ದ ಚಿತ್ರಪುಸ್ತಕ ನೋಡಿಕೊಂಡು ಕಪ್ಪು ಗೆರೆಯ ಮೇಲೆ ಸಾಗುವ ಗಾಡಿಯನ್ನು ಜೋಡಿಸಿದರು. ಅದು ಓಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ತಿರುವಿನಲ್ಲಿ ಅದು ಗೆರೆ ಬಿಟ್ಟು ಹೋಗುವುದೇಕೆ ಎಂದು ಕೇಳಿದಾಗ ಯಾರಿಂದಲೂ ಉತ್ತರ ಬರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಕಾಫಿ ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವ ಮಕ್ಕಳು. ಕೈಕೆಲಸದಲ್ಲಿ ಬಹಳ ಚುರುಕು, ಆದರೆ ಕಂಪ್ಯೂಟರ್ ಮುಟ್ಟಿದವರು ಕಡಿಮೆ. ಮಳೆಗಾಲದಲ್ಲಿ ಕರೆಂಟನ್ನು ನಂಬುವಂತೆಯೂ ಇಲ್ಲ. ಕಿಟ್ಟನ್ನು ಸ್ವಲ್ಪ ಕಾಲ ಬದಿಗಿಟ್ಟು, ಇಲ್ಲಿಯೇ ಸಿಗುವ ಸಾಮಗ್ರಿಗಳಿಂದ ಮಕ್ಕಳೇ ಯೋಚಿಸಿ ಕಟ್ಟುವಂತೆ ಮಾಡಲು ಯಾವ ಕ್ರಮ ಅನುಸರಿಸಬಹುದು? ಪ್ರೋಗ್ರಾಮಿಂಗನ್ನು ಯಾವ ಹಂತದಲ್ಲಿ ತರಬೇಕು?

ಉತ್ತರ — ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಕುಶಾಲನಗರ

ಮೇಡಂ, ಕಿಟ್ಟನ್ನು ಬದಿಗಿಡುವ ನಿಮ್ಮ ಆಲೋಚನೆ ಸರಿಯಾಗಿದೆ. ಚಲನೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಕಣ್ಣಿಗೆ ಕಾಣುವಂತಹ ವಸ್ತುವಿನಿಂದ ಆರಂಭಿಸಿ. ಹಳೆಯ ಆಟಿಕೆಯ ಮೋಟಾರಿನ ಕಡ್ಡಿಗೆ ರಬ್ಬರಿನ ಒಂದು ತುಂಡನ್ನು ನಡುವಿನಿಂದ ಸರಿದಂತೆ ಚುಚ್ಚಿ, ಮೋಟಾರನ್ನು ಕಾಗದದ ಲೋಟದ ಮೇಲೆ ಕೂರಿಸಿ, ಲೋಟಕ್ಕೆ ಮೂರು ಸ್ಕೆಚ್ ಪೆನ್ನುಗಳನ್ನು ಕಾಲುಗಳಾಗಿ ಕಟ್ಟಿದರೆ ಅದು ನಡುಗುತ್ತಾ ಕಾಗದದ ಮೇಲೆ ಗೆರೆ ಎಳೆಯುತ್ತದೆ. ನಂತರ ಮಕ್ಕಳು ರಬ್ಬರಿನ ತೂಕವನ್ನೋ ಕಾಲಿನ ಓರೆಯನ್ನೋ ಬದಲಿಸಲಿ, ಆದರೆ ಒಂದು ಬಾರಿಗೆ ಒಂದನ್ನು ಮಾತ್ರ. ಈ ಶಿಸ್ತು ಬಂದರೆ ಅರ್ಧ ಎಂಜಿನಿಯರಿಂಗ್ ಬಂದಂತೆಯೇ.

ಮುಂದಿನದು ಸೂಜಿಯಿಲ್ಲದ ಸಿರಿಂಜ್‌ಗಳ ಕೈ. 5 ಮಿ.ಲೀ. ಮತ್ತು 10 ಮಿ.ಲೀ. ಸಿರಿಂಜ್‌ಗಳನ್ನು ನೀರು ತುಂಬಿದ ಕೊಳವೆಯಿಂದ ಜೋಡಿಸಿ ಚಿಕ್ಕದನ್ನು ಒತ್ತಿದರೆ, ದೊಡ್ಡದು ಹೆಚ್ಚಿನ ಬಲದಿಂದ ಆದರೆ ಕಡಿಮೆ ದೂರ ಚಲಿಸುತ್ತದೆ. ರಸ್ತೆಬದಿಯ ಜೆಸಿಬಿಯ ತೋಳು ಕೆಲಸ ಮಾಡುವುದೂ ಇದೇ ಪ್ಯಾಸ್ಕಲ್ ನಿಯಮದಿಂದ, ಅಂದರೆ ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದರಿಂದ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ಕೈ ಏಕೆ ಸಡಿಲವಾಗುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳಲು ಬಿಡಿ.

ಪ್ರೋಗ್ರಾಂ ಇಲ್ಲದೆಯೂ ರೋಬಾಟ್ ಇರಬಲ್ಲದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಿದುಳಿನ ಸಂಶೋಧಕ ಗ್ರೇ ವಾಲ್ಟರ್ 1948–49ರಲ್ಲಿ ಕಟ್ಟಿದ ಎಲ್ಮರ್ ಮತ್ತು ಎಲ್ಸಿ ಎಂಬ ಯಂತ್ರದ ಆಮೆಗಳು ಬೆಳಕನ್ನು ಹುಡುಕಿಕೊಂಡು ಹೋಗುತ್ತಿದ್ದವು. ಅವುಗಳ ಮಿದುಳು ಎಂದರೆ ಎರಡು ನಿರ್ವಾತ ನಳಿಕೆಗಳು (ಹಳೆಯ ರೇಡಿಯೊಗಳಲ್ಲಿದ್ದ ವಾಲ್ವ್‌ಗಳು) ಮಾತ್ರ. ನಿಮ್ಮ ಮಕ್ಕಳು ಎರಡು ಮೋಟಾರ್, ಎರಡು ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವ ಬಿಡಿಭಾಗ; ಇವೇ ಗಾಡಿಯ ಕಣ್ಣುಗಳು), ಎರಡು ಟ್ರಾನ್ಸಿಸ್ಟರ್‌ಗಳಿಂದ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ಬಿಡಿಭಾಗ) ಅಂತಹ ಗಾಡಿ ಕಟ್ಟಬಹುದು. ಬೆಳಕು ಹೆಚ್ಚಾದಷ್ಟೂ ಮೋಟಾರಿನ ವೇಗ ಹೆಚ್ಚುವಂತೆ ಮಾಡಿ, ಎಡಗಣ್ಣನ್ನು ಬಲ ಮೋಟಾರಿಗೆ, ಬಲಗಣ್ಣನ್ನು ಎಡ ಮೋಟಾರಿಗೆ ಜೋಡಿಸಿದರೆ ಗಾಡಿ ಬೆಳಕಿನತ್ತ ತಿರುಗುತ್ತದೆ; ಆಯಾ ಬದಿಗೇ ಜೋಡಿಸಿದರೆ ಬೆಳಕಿನಿಂದ ದೂರ ಸರಿಯುತ್ತದೆ. ಇದನ್ನು ಕಂಡ ಮಗುವಿಗೆ ಗೆರೆಯ ಗಾಡಿಯ ತೊಂದರೆಯೂ ತಿಳಿಯುತ್ತದೆ. ಸೆನ್ಸರ್ ಗೆರೆಯನ್ನು ಗುರುತಿಸಿ ಚಕ್ರ ತಿರುಗುವಷ್ಟರಲ್ಲಿ ವೇಗದ ಗಾಡಿ ಗೆರೆ ದಾಟಿರುತ್ತದೆ. ವೇಗ ತಗ್ಗಿಸುವುದೋ, ಸೆನ್ಸರನ್ನು ಚಕ್ರಗಳಿಗಿಂತ ಮುಂದಕ್ಕೆ ಇಡುವುದೋ ಎಂದು ಅವರು ಪರೀಕ್ಷಿಸಲಿ.

ಉತ್ತರ — ಪ್ರೌಢಶಾಲಾ ಶಿಕ್ಷಕ, ವಿರಾಜಪೇಟೆ

ಮೇಲಿನ ಸಲಹೆಗಳನ್ನು ಒಪ್ಪುತ್ತೇನೆ, ಆದರೆ ಪ್ರೋಗ್ರಾಮಿಂಗನ್ನು ತೀರ ಮುಂದೂಡಬೇಡಿ. ಅದಕ್ಕೆ ಕರೆಂಟೂ ಬೇಡ, ಕಂಪ್ಯೂಟರೂ ಬೇಡ. ಗಣಿತಜ್ಞ ಸೀಮೋರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ರೂಪಿಸಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ‘ಆಮೆ’ ಎಂದು ಕರೆಯುವ ಪುಟ್ಟ ರೋಬಾಟ್ ‘ಮುಂದೆ ಇಷ್ಟು ಹೆಜ್ಜೆ, ಬಲಕ್ಕೆ ಇಷ್ಟು ಡಿಗ್ರಿ’ ಎಂಬ ಆಜ್ಞೆಗಳಿಂದ ಚಲಿಸುತ್ತಿತ್ತು. ಒಬ್ಬರು ಆಜ್ಞೆಗಳನ್ನು ಬರೆಯಲಿ, ಇನ್ನೊಬ್ಬರು ಬರೆದದ್ದನ್ನು ಮಾತ್ರ ಪಾಲಿಸುತ್ತಾ ಶಾಲೆಯ ಜಗಲಿಯಲ್ಲಿ ಚೌಕವಾಗಿ ನಡೆಯಲಿ. ತಪ್ಪು ನಡೆದವರದ್ದಲ್ಲ, ಆಜ್ಞೆಯದ್ದು ಎಂಬುದು ಅವರಿಗೆ ಬೇಗ ಅರ್ಥವಾಗುತ್ತದೆ.

ಮೂವರ ಗುಂಪು ಮಾಡಿ, ಪ್ರತಿ ವಾರ ಕೆಲಸಗಳನ್ನು ಬದಲಾಯಿಸಿ. ಇಲ್ಲದಿದ್ದರೆ ಸ್ಕ್ರೂಡ್ರೈವರ್ ಹುಡುಗರ ಕೈಯಲ್ಲೇ ಉಳಿದು, ಹುಡುಗಿಯರ ಪಾಲಿಗೆ ನೋಟ್‌ಪುಸ್ತಕ ಮಾತ್ರ ಬರುತ್ತದೆ. ಇದನ್ನು ಶಿಕ್ಷಕರು ಮೊದಲ ದಿನದಿಂದಲೇ ತಡೆಯಬೇಕು. ಕಟ್ಟುವ ಮೊದಲು ಚಿತ್ರ ಬಿಡಿಸುವುದು ಕಡ್ಡಾಯವಾಗಿರಲಿ, ಕಟ್ಟಿದ ಮೇಲೆ ಏನು ಬದಲಾಯಿತು ಎಂದು ಅದೇ ಚಿತ್ರದ ಮೇಲೆ ಗುರುತು ಹಾಕಲಿ. ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ತಾವೇ ಕಟ್ಟಿ ಕಲಿಯಲು ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಾಲಯ) ಇರುವ ಪ್ರೌಢಶಾಲೆ ಹತ್ತಿರವಿದ್ದರೆ ಅಲ್ಲಿನ ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ. ಆ ಯೋಜನೆ ಆರನೇ ತರಗತಿಯಿಂದಲೇ ಮಕ್ಕಳನ್ನು ಒಳಗೊಳ್ಳುತ್ತದೆ.

ಉತ್ತರ — ಕಾಫಿ ಬೆಳೆಗಾರ, ಪೊನ್ನಂಪೇಟೆ

ಸಾಮಗ್ರಿಯ ಬಗ್ಗೆ ಎರಡು ಮಾತು. ನಮ್ಮ ಮಳೆಗಾಲದ ತೇವಕ್ಕೆ ರಟ್ಟು ಮೆತ್ತಗಾಗಿ ಗಾಡಿಯ ಚೌಕಟ್ಟು ಬಾಗುತ್ತದೆ. ಸೀಳಿದ ಬಿದಿರು ಅಥವಾ ಸಿಲ್ವರ್ ಓಕ್‌ನ ತೆಳು ಹಲಗೆ ಉತ್ತಮ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮೋಟಾರಿಗೆ ಸಾಕಷ್ಟು ಕರೆಂಟ್ ಕೊಡಲಾರದು, ನಾಲ್ಕು ಎಎ ಸೆಲ್‌ಗಳನ್ನು ಬಳಸಿ. ಹಳೆಯ ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಮಕ್ಕಳ ಕೈಗೆ ಖಂಡಿತ ಕೊಡಬೇಡಿ. ಮುಂದೆ ಆರ್ಡುಯಿನೊ (ಪ್ರೋಗ್ರಾಂ ಹಾಕಿ ಬಳಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಬಳಸುವಾಗ ಮೋಟಾರನ್ನು ನೇರವಾಗಿ ಅದರ ಪಿನ್ನಿಗೆ ಜೋಡಿಸಬಾರದು. ಅದರ ಉನೊ ಎಂಬ ಮಾದರಿಯ ಬೋರ್ಡಿನ ಪಿನ್ ಸುಮಾರು 20 ಮಿಲಿಆಂಪಿಯರ್‌ಗಷ್ಟೇ ಯೋಗ್ಯ, ಮೋಟಾರಿಗೆ ಅದರ ಹಲವು ಪಟ್ಟು ಬೇಕು.

ನನಗೆ ಮುಖ್ಯವೆನಿಸುವುದು ಮಕ್ಕಳು ಯಾವ ಸಮಸ್ಯೆಯನ್ನು ಬಿಡಿಸುತ್ತಾರೆ ಎಂಬುದು. ಕಣದಲ್ಲಿ ಕಾಫಿ ಒಣಗುವಾಗ ಅಕಾಲಿಕ ಮಳೆ ಬಂದರೆ ಟಾರ್ಪಾಲು ಹೊದಿಸಲು ಓಡುವವರು ಆ ಮಕ್ಕಳ ತಂದೆತಾಯಿಗಳೇ. ಪಕ್ಕಪಕ್ಕದಲ್ಲಿ ಎರಡು ಬರಿ ತಂತಿಗಳು, ಒಂದು ಟ್ರಾನ್ಸಿಸ್ಟರ್, ಒಂದು ಬಜರ್ ಇದ್ದರೆ ಹನಿ ಬಿದ್ದೊಡನೆ ಕೂಗುವ ಯಂತ್ರ ಸಿದ್ಧವಾಗುತ್ತದೆ. ಅದನ್ನು ಎಲ್ಲಿ ಇಡಬೇಕು, ಎಷ್ಟು ದೂರಕ್ಕೆ ಕೇಳಿಸಬೇಕು ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಡುಗುವ ಲೋಟದಿಂದ ಆರಂಭಿಸಿ ಮಳೆ ಎಚ್ಚರಿಕೆಯ ಯಂತ್ರಕ್ಕೆ ಬರುತ್ತೇವೆ. ಒಂದು ಸಂದೇಹ: ಜನವರಿಯ ಇಬ್ಬನಿಗೂ ಅದು ಕೂಗುವುದಿಲ್ಲವೇ?

ಉತ್ತರ — ಕಾಫಿ ಬೆಳೆಗಾರ, ಪೊನ್ನಂಪೇಟೆ

ತಂತಿಗಳನ್ನು ಬಯಲಿಗೆ ಬಿಟ್ಟರೆ ಕೂಗುತ್ತದೆ. ಆದುದರಿಂದ ಅವುಗಳ ಮೇಲೆ ಸಣ್ಣ ಮಾಡು ಕಟ್ಟಿ, ಅಗಲ ಬಾಯಿಯ ಆಲಿಕೆಯೊಂದರ ತುದಿಯಿಂದ ಮಾತ್ರ ನೀರು ಅವುಗಳ ಮೇಲೆ ತೊಟ್ಟಿಕ್ಕುವಂತೆ ಮಾಡಿ. ಇಬ್ಬನಿ ಹೆಚ್ಚಾಗಿ ಆಲಿಕೆಯ ಗೋಡೆಗೇ ಅಂಟಿ ಉಳಿಯುತ್ತದೆ, ಮಳೆಯ ನೀರು ಇಳಿದು ಬರುತ್ತದೆ. ಆಲಿಕೆ ಎಷ್ಟು ಅಗಲವಿರಬೇಕು, ತಂತಿಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದನ್ನು ಮಕ್ಕಳು ಹೂಗಿಡಕ್ಕೆ ನೀರು ಹಾಕುವ ಡಬ್ಬಿಯಿಂದ ಹನಿ ಸುರಿದು ಪರೀಕ್ಷಿಸಬಹುದು.