‘ರೀಕಾಲ್’ಗೆ ‘ಹಿಂಪಡೆ’ ಸಾಕೇ?

ಪ್ರಶ್ನೆ: ಕಾರುಗಳ ಸಸ್ಪೆನ್ಷನ್ (ಚಕ್ರಗಳನ್ನು ಕಾರಿನ ಒಡಲಿಗೆ ಜೋಡಿಸಿ ಕುಲುಕಾಟ ತಗ್ಗಿಸುವ ವ್ಯವಸ್ಥೆ) ದೋಷಗಳ ಬಗ್ಗೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಪ್ರಕಟಿಸುವ ಕಡತಗಳನ್ನು ಕನ್ನಡಕ್ಕೆ ತರಬೇಕಿದೆ. ದೋಷ ಸರಿಪಡಿಸಲು ಕಂಪನಿ ಮಾರಿದ ಕಾರುಗಳನ್ನು ಕರೆಸುವ ‘ರೀಕಾಲ್’ಗೆ ‘ಹಿಂಪಡೆ’ ಎಂದರೆ ಸಾಕೇ? ‘ಪ್ರಿಲಿಮಿನರಿ ಇವ್ಯಾಲ್ಯುಯೇಶನ್’, ‘ಎಂಜಿನಿಯರಿಂಗ್ ಅನಾಲಿಸಿಸ್’ ಎರಡನ್ನೂ ‘ತನಿಖೆ’ ಎನ್ನಬಹುದೇ? ‘ಡಿಫೆಕ್ಟ್’, ‘ವೇರ್’ (wear) ಇವಕ್ಕೆ ಬೇರೆ ಬೇರೆ ಪದ ಬೇಕೇ?

ಉತ್ತರ 1: ‘ಹಿಂಪಡೆ’ ಬೇಡ. ಕಂಪನಿ ಕಾರನ್ನೇ ತೆಗೆದುಕೊಂಡು ಹೋಗುತ್ತದೆ ಎಂಬ ಅರ್ಥ ಬರುತ್ತದೆ. ಅಲ್ಲಿನ ಕಾನೂನಿನಲ್ಲಿ ಪರಿಹಾರ ಮೂರು ಬಗೆ: ರಿಪೇರಿ, ಬದಲಿ ವಾಹನ, ಹಣ ವಾಪಸು. ಸಾಮಾನ್ಯವಾಗಿ ಆಗುವುದು ರಿಪೇರಿಯೇ. 2019ರಲ್ಲಿ ಫೋರ್ಡ್ ತನ್ನ 2011–2017ರ ಎಕ್ಸ್‌ಪ್ಲೋರರ್‌ಗಳನ್ನು ಕರೆಸಿದ್ದು ಹಿಂಬದಿಯ ಟೋ ಲಿಂಕ್ (ಹಿಂಚಕ್ರದ ದಿಕ್ಕನ್ನು ಹಿಡಿದಿಡುವ ಸರಳು) ಮುರಿಯುವ ಅಪಾಯಕ್ಕಾಗಿ. ಡೀಲರುಗಳು ಎರಡೂ ಬದಿಗೆ ಫೋರ್ಜ್ ಮಾಡಿದ (ಲೋಹವನ್ನು ಒತ್ತಿ ಬಡಿದು ರೂಪಿಸಿದ) ಹೊಸ ಲಿಂಕ್ ಹಾಕಿ, ಚಕ್ರಗಳ ಅಲೈನ್‌ಮೆಂಟ್ ಮಾಡಿ ಕಾರು ಕೊಡಬೇಕಿತ್ತು. ಇದನ್ನು ‘ಮರಳಿ ಕರೆಸು’ ಎನ್ನಿ, ಇಲ್ಲವೇ ‘ರೀಕಾಲ್’ ಎಂದೇ ಬಿಡಿ. ನನ್ನ ಒಲವು ಎರಡನೆಯದಕ್ಕೆ.

ಹಂತಗಳನ್ನು ಮಾತ್ರ ಬೆರೆಸಬೇಡಿ. ದೂರುಗಳ ಜರಡಿ ಆದಮೇಲೆ ಬರುವುದು ‘ಪ್ರಾಥಮಿಕ ಪರಿಶೀಲನೆ’: ದೂರು, ವಾರಂಟಿ, ಅಪಘಾತಗಳ ದಾಖಲೆ ಕೊಡಿ ಎಂದು ತಯಾರಕರಿಗೆ ಪತ್ರ ಹೋಗುತ್ತದೆ. ಅನುಮಾನ ಉಳಿದರೆ ‘ಎಂಜಿನಿಯರಿಂಗ್ ವಿಶ್ಲೇಷಣೆ’. ಮುರಿದ ಭಾಗಗಳ ಪರೀಕ್ಷೆಯೂ ಆಗಬಹುದಾದ್ದು ಇಲ್ಲಿ. ಎರಡಕ್ಕೂ ಒಟ್ಟಾಗಿ ‘ತನಿಖೆ’ ಎನ್ನಬಹುದು, ಹಂತ ಹೇಳುವಾಗ ಅದು ಸಾಲದು. ಕಡತದ ಸಂಖ್ಯೆ ಪಿಇ ಎಂದು ಶುರುವಾದರೆ ಮೊದಲನೆಯದು, ಇಎ ಎಂದರೆ ಎರಡನೆಯದು, ಆರ್‌ಕ್ಯೂ ಎಂದರೆ ಆಗಲೇ ನಡೆದ ರೀಕಾಲಿನ ರಿಪೇರಿ ಸಾಕಾಗಿದೆಯೇ ಎಂಬ ವಿಚಾರಣೆ. ಪಿಇ ತೆರೆದ ದಿನವೇ ‘ಕಾರು ವಾಪಸ್’ ಎಂದು ತಲೆಬರಹ ಹಾಕುವುದು ಶುದ್ಧ ತಪ್ಪು; ಎಷ್ಟೋ ಕಡತಗಳು ರೀಕಾಲ್ ಇಲ್ಲದೆಯೇ ಮುಚ್ಚುತ್ತವೆ.

ದೋಷವಿದೆ ಎಂದು ತಯಾರಕರು ತೀರ್ಮಾನಿಸಿದ ಮೇಲೆ 5 ಕೆಲಸದ ದಿನಗಳೊಳಗೆ ಸಂಸ್ಥೆಗೆ ವರದಿ ಕೊಡಬೇಕು. ಆಮೇಲೆ 60 ದಿನಗಳೊಳಗೆ ಮಾಲೀಕರಿಗೆ ಪತ್ರ. ಬಿಡಿಭಾಗ ಇನ್ನೂ ತಯಾರಾಗದಿದ್ದರೆ ಮೊದಲ ಪತ್ರ ಬರೀ ಎಚ್ಚರಿಕೆ, ‘ಕಾರು ತನ್ನಿ’ ಎನ್ನುವುದು ಎರಡನೆಯದು. ಹಾಗಾಗಿ ‘ನೋಟಿಸ್’ ಎಂಬಲ್ಲೆಲ್ಲ ‘ಕರೆ’ ಎಂದು ಬರೆಯಬೇಡಿ.

ಉತ್ತರ 2: ‘ಸವೆತ’ ಬೇರೆ, ‘ದೋಷ’ ಬೇರೆ, ಖಂಡಿತ. ಕಾಲಕಾಲಕ್ಕೆ ನೋಡಿ ಬದಲಿಸಲೇಬೇಕಾದ ಶಾಕ್ ಅಬ್ಸಾರ್ಬರ್ ಸವೆದರೆ ಅದು ಸುರಕ್ಷತಾ ದೋಷವಲ್ಲ. ನೀರು ಹೊಕ್ಕು ತುಕ್ಕು ಹಿಡಿದ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಕೀಲು) ಅಕಾಲದಲ್ಲಿ ಕಳಚಿ ಚಕ್ರ ವಾಲಿದರೆ, ಅದೂ ಒಂದೇ ಮಾದರಿಯ ಹಲವು ಕಾರುಗಳಲ್ಲಿ, ಆಗ ದೋಷದ ಪ್ರಶ್ನೆ ಏಳುತ್ತದೆ. ‘ವೈಫಲ್ಯ’ ಎಂಬುದನ್ನು ಭಾಗ ಮುರಿದ ಘಟನೆಗೆ ಮೀಸಲಿಡಿ; ವಿನ್ಯಾಸ, ಲೋಹ, ಜೋಡಣೆ ಇವುಗಳಲ್ಲಿನ ಕೊರತೆ ‘ದೋಷ’.

ಇನ್ನೊಂದು ಮಾತು: ಯಂತ್ರಾನುವಾದ ಬಳಸಿದ್ದರೆ ‘ಅಮಾನತು’ ಎಂಬ ಪದವನ್ನು ಒಮ್ಮೆ ಹುಡುಕಿ ನೋಡಿ. ‘ಹಿಂಬದಿ ಅಮಾನತಿನಲ್ಲಿ ಬಿರುಕು’ ಎಂದಿದ್ದರೆ ಅದು ಸಸ್ಪೆನ್ಷನ್ನೇ.